ಪ್ಯಾರಿಸ್ಸಿನಲ್ಲಿ ಶೈಲಜಾ ನಡೆದದ್ದು

೨೦೧೪ರಲ್ಲಿ ನಾನು ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ, ಕ್ಯಾನ್ಯನ್ ಪಾರ್ಕಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಸುತ್ತಲೂ ಆಫೀಸುಗಳು, ಬರುವವರದು ಹೆಚ್ಚಾಗಿ ಕತ್ತುನೋವು, ಬೆನ್ನುನೋವು. ಹೇಳಿಕೊಟ್ಟ ವ್ಯಾಯಾಮ ಮಾಡದೆ, ಮುಂದಿನ ವಾರ ಬಂದು ಮಾಡಿದೆ ಎಂದು ಸಲೀಸಾಗಿ ಸುಳ್ಳು ಹೇಳುವ ಜನ. ಅವರನ್ನು ಗದರುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಶೈಲಜಾ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಮೈಸೂರಿನವರು, ವಯಸ್ಸು ಐವತ್ತರ ಆಸುಪಾಸು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅವರಿಗೆ ಎ.ಎಲ್.ಎಸ್. ಎಂಬ ಕಾಯಿಲೆ. ಸ್ನಾಯುಗಳನ್ನು ಆಡಿಸುವ ನರಗಳು ಇದರಲ್ಲಿ ಮೆಲ್ಲಗೆ ಸಾಯುತ್ತಾ ಹೋಗುತ್ತವೆ. ಔಷಧಿ ಅದನ್ನು ಸ್ವಲ್ಪ ನಿಧಾನ ಮಾಡೀತು, ನಿಲ್ಲಿಸಲಾರದು. ಶೈಲಜಾರಿಗೆ ಕಾಲಿನಿಂದ ಶುರುವಾಗಿ ಆಗಲೇ ಫುಟ್ ಡ್ರಾಪ್ ಇತ್ತು. ಅಂದರೆ ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ತಗುಲುತ್ತಿತ್ತು. ಪಾದವನ್ನು ಎತ್ತಿ ಹಿಡಿಯಲು ಅಳತೆಗೆ ಮಾಡಿಸಿದ ಒಂದು ಬ್ರೇಸ್, ಒಂದು ಕೋಲು ಕೊಟ್ಟೆ.

ಆಗಸ್ಟಿನಲ್ಲಿ ಅವರು ಗಂಡ ರವೀಂದ್ರ ಮತ್ತು ಕಾಲೇಜು ಓದುವ ಮಗಳು ನಿಧಿಯ ಜೊತೆ ಮೈಸೂರಿಗೆ ಹೊರಟಿದ್ದರು. ದಾರಿಯಲ್ಲಿ ಎರಡು ದಿನ ಪ್ಯಾರಿಸ್. ಮದುವೆಯಾದಾಗಿನಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದ ಆಸೆ, ಇನ್ನು ಮುಂದೂಡುವ ಹಾಗಿರಲಿಲ್ಲ.

"ಹನ್ನೊಂದು ಪ್ಲೇಸ್ ಕವರ್ ಮಾಡ್ಬಹುದು ಮೇಡಂ," ಎಂದು, ಹೊರಡುವ ಮುನ್ನ ಮೂವರೂ ಕ್ಲಿನಿಕ್ಕಿಗೆ ಬಂದಾಗ ರವೀಂದ್ರ ಫೋನಿನಲ್ಲಿ ಮ್ಯಾಪ್ ತೋರಿಸಿದರು. ನಮ್ಮವರ ಪ್ರವಾಸವೇ ಹಾಗೆ. ನೋಡುವುದಿಲ್ಲ, ಕವರ್ ಮಾಡುತ್ತಾರೆ. ಅಲ್ಲಿನ ಮೆಟ್ರೋ ಸ್ಟೇಷನ್ನುಗಳ ತುಂಬ ಮೆಟ್ಟಿಲು, ಬಸ್ಸಿನಲ್ಲಿ ಓಡಾಡಿ, ವೀಲ್‌ಚೇರ್ ತಗೊಳ್ಳಿ ಎಂದೆ.

"ಏರ್‌ಪೋರ್ಟಲ್ಲಿ ಹೇಳಿದೀನಿ. ಊರೊಳಗೆ ಬೇಡ ಮೇಡಂ, ಜನ ನೋಡ್ತಾರೆ," ಎಂದರು ರವೀಂದ್ರ.

ನನಗೆ ರೇಗಿತು. ವಿಮಾನ ನಿಲ್ದಾಣದಲ್ಲಿ ಗಟ್ಟಿಮುಟ್ಟಾದವರನ್ನೂ ವೀಲ್‌ಚೇರಿನಲ್ಲಿ ಕೂರಿಸಿ ಕ್ಯೂ ತಪ್ಪಿಸುವ ನಾವು, ನಿಜವಾಗಿ ಬೇಕಾದಾಗ ನಾಚುತ್ತೇವೆ. "ಪ್ಯಾರಿಸ್ಸಲ್ಲಿ ನಿಮ್ಮನ್ನ ಯಾರ್ರೀ ಗುರುತು ಹಿಡೀತಾರೆ?" ಎಂದು ಕೇಳಿದೆ. ಶೈಲಜಾ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ನನ್ನ ಕಾಲು ಎಷ್ಟು ಬರುತ್ತೆ ಅಕ್ಕಾ? ನಿಜ ಹೇಳಿ."

ಈ ಕಾಯಿಲೆಯಲ್ಲಿ ಕಷ್ಟಪಟ್ಟು ನಡೆದರೆ ಕಾಲು ಬಲವಾಗುವುದಿಲ್ಲ, ಇದ್ದ ಶಕ್ತಿಯೂ ಸೋರಿಹೋಗುತ್ತದೆ. ಹಾಗೆಯೇ ಹೇಳಿದೆ. ದಿನಕ್ಕೆ ಒಂದು ಸಣ್ಣ ನಡಿಗೆ, ಉಳಿದದ್ದೆಲ್ಲ ವೀಲ್‌ಚೇರಿನಲ್ಲಿ. ಆ ಒಂದು ನಡಿಗೆ ಎಲ್ಲಿ ಎಂದು ನೀವೇ ಆರಿಸಿಕೊಳ್ಳಿ ಎಂದೆ. ಟವರ್ ಹತ್ತಿರ ಎಂದರು ರವೀಂದ್ರ. ನದಿಯ ಸೇತುವೆ ಮೇಲೆ ಎಂದು ನಾನು ಸೇರಿಸಿದೆ. "ಅಪ್ಪಾ, ಲೆಟ್ ಹರ್ ಡಿಸೈಡ್," ಎಂದಳು ನಿಧಿ. ಶೈಲಜಾ ಕೋಲು ಹಿಡಿದು ಎದ್ದರು.

ಸೆಪ್ಟೆಂಬರಿನಲ್ಲಿ ಮತ್ತೆ ಬಂದಾಗ ಶೈಲಜಾ ವೀಲ್‌ಚೇರಿನಲ್ಲಿದ್ದರು. ರವೀಂದ್ರರ ಮುಖ ಇನ್ನೂ ಗಂಟಿಕ್ಕಿಕೊಂಡಿತ್ತು. ಪ್ಯಾರಿಸ್ಸಿನ ಮೊದಲ ದಿನ ಬೆಳಿಗ್ಗೆ, ಗಂಡ, ಮಗಳು ಏಳುವ ಮೊದಲೇ ಶೈಲಜಾ ಬ್ರೇಸ್ ಹಾಕಿಕೊಂಡು, ಕೋಲು ಹಿಡಿದು, ಹೋಟೆಲಿನ ಪಕ್ಕದ ಬೇಕರಿಗೆ ಒಬ್ಬರೇ ನಡೆದುಹೋಗಿದ್ದರಂತೆ. ಕೈ ತೋರಿಸಿ ಬಿಸಿ ಬ್ರೆಡ್ ಕೊಂಡು ತಂದು, ನಿಂತುಕೊಂಡೇ ಮುರಿದು ಬೆಣ್ಣೆ ಹಚ್ಚಿ ಗಂಡನಿಗೆ, ಮಗಳಿಗೆ ಬಡಿಸಿದ್ದರು. ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು. ಟವರ್, ನದಿ ಎಲ್ಲವೂ ಬಾಡಿಗೆ ವೀಲ್‌ಚೇರಿನಲ್ಲೇ ಆದವು. ಮಾರನೆಯ ದಿನ ಅವರ ಕಾಲು ಏಳಲೇ ಇಲ್ಲ.

"ನೀವೇ ಹೇಳಿ ಮೇಡಂ, ಅಷ್ಟು ದೂರ ಹೋಗಿ ಬೇಕರೀಲಿ ನಡಿಗೆ ಖರ್ಚು ಮಾಡೋದಾ?"

"ಟವರ್ ಕೂತ್ಕೊಂಡ್ರೂ ಕಾಣತ್ತೆ ರೀ," ಎಂದರು ಶೈಲಜಾ. "ಕೂತ್ಕೊಂಡು ಬಡಿಸಿದ್ರೆ ನಂಗೆ ಬಡಿಸಿದ ಹಾಗಾಗಲ್ಲ. ಇನ್ನೊಂದ್ಸಲ ನಿಂತ್ಕೊಂಡು ಬಡಿಸ್ಬೇಕು ಅಂತಿತ್ತು."

ಜನರನ್ನು ಗದರಿ ಅಭ್ಯಾಸವಿದ್ದ ನಾನು ಅವತ್ತು ಬ್ರೇಸ್ ಬಿಗಿ ಮಾಡುವ ನೆಪದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡೆ.

ಆಮೇಲೆ ಕಾಯಿಲೆ ಬೇಗ ಬೇಗ ಏರಿತು. ದೀಪಾವಳಿಯ ಹೊತ್ತಿಗೆ ಕೈಗಳೂ ಸೋತವು; ರವೀಂದ್ರರೇ ಹೆಂಡತಿಗೆ ತುತ್ತು ಇಡುತ್ತಿದ್ದರು. ಮುಂದಿನ ವಸಂತದಲ್ಲಿ ಶೈಲಜಾ ತೀರಿಕೊಂಡರು.

ಕೆಲವು ವಾರ ಕಳೆದು ರವೀಂದ್ರ ಕ್ಲಿನಿಕ್ಕಿಗೆ ಬಂದರು. ಬ್ರೇಸ್ ಬೇರೆ ಯಾರಿಗಾದರೂ ಆಗಬಹುದೇ ಎಂದು ಕೇಳಿದರು. ಅದು ಅವರವರ ಕಾಲಿನ ಅಳತೆಗೆ ಮಾಡಿದ್ದು, ಬೇರೆಯವರಿಗೆ ಆಗುವುದಿಲ್ಲ ಎಂದೆ. ಹೋಗಲು ಎದ್ದವರು ಮತ್ತೆ ಕೂತರು.

"ಅವತ್ತು ಟವರ್‌ಗೆ ಲೇಟಾಗುತ್ತೆ ಅಂತ ಸಿಡುಕಿಬಿಟ್ಟೆ ಮೇಡಂ. ಅವಳು ಕೊಟ್ಟ ಬ್ರೆಡ್ಡನ್ನ ಅರ್ಧ ತಿಂದು, ಅಲ್ಲೇ ಬಿಟ್ಟು ಎದ್ದೆ."

ನೋವಿಗೆ ಹೇಳಿಕೊಡಲು ನನ್ನ ಹತ್ತಿರ ವ್ಯಾಯಾಮಗಳಿದ್ದವು, ಇದಕ್ಕೆ ಇರಲಿಲ್ಲ. ಅವರು ಸಮಾಧಾನ ಮಾಡಿಕೊಳ್ಳುವ ತನಕ ಪಕ್ಕದಲ್ಲಿ ಕೂತೆ.

ಆಮೇಲೂ ಕೆಲವು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಯಾರಾದರೂ ನಡೆಯಬೇಕು ಎಂದು ಬಂದರೆ ಮೊದಲೆಲ್ಲ ಎಷ್ಟು ದೂರ ಎಂದು ಕೇಳುತ್ತಿದ್ದೆ. ಶೈಲಜಾರ ನಂತರ, ನಡೆದು ಹೋಗಿ ಏನು ಮಾಡಬೇಕು ಅಂತಿದೀರಿ ಎಂದು ಕೇಳತೊಡಗಿದೆ. ಜೊತೆಗೆ ಬಂದ ಮನೆಯವರನ್ನೂ ಹತ್ತಿರ ಕರೆದು ಕೂರಿಸಿ, ಆ ಉತ್ತರ ಅವರ ಕಿವಿಗೂ ಬೀಳುವಂತೆ ನೋಡಿಕೊಳ್ಳುತ್ತಿದ್ದೆ.