ನಾನೂರಿಂದ ಐನೂರಾ ಇಪ್ಪತ್ತು

ಅಕ್ಕನ ಮದುವೆಯಲ್ಲಿ ಏನೇನು ಕೆಡಬಹುದೆಂದು ನಾನೊಂದು ಪಟ್ಟಿ ಮಾಡಿದ್ದೆ. ಅಡುಗೆಯವರು ಇನ್ನೊಂದು ಮದುವೆ ಒಪ್ಪಿಕೊಂಡು ನಮಗೆ ಕೈ ಕೊಡಬಹುದು. ಧಾರೆಯ ಹೊತ್ತಿಗೆ ಸರಿಯಾಗಿ ಬೋರಿನ ಮೋಟಾರು ಸುಟ್ಟುಹೋಗಬಹುದು. ಕಂದಿಕೆರೆಯಿಂದ ಬರುವ ಗಂಡಿನ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಉಪ್ಪಿಟ್ಟು ಆರಿದೆಯೆಂದು ಗಂಡಿನ ಸೋದರಮಾವ ಮುನಿಸಿಕೊಂಡು ಹೊರಗೆ ಹೋಗಿ ಕೂರಬಹುದು. ಕೊನೆಯದಾಗಿ, ಕೊಬ್ಬರಿ ಸಾಲದೆ ಹೋಗಬಹುದು. ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಆ ಪಟ್ಟಿ ಮತ್ತೆ ನೆನಪಾದದ್ದು ಹೋದ ಭಾನುವಾರ. ಹೊನ್ನವಳ್ಳಿಯ ಮದುವೆಯೊಂದರಲ್ಲಿ ಕೊಟ್ಟಿದ್ದ ಕೊಬ್ಬರಿಯನ್ನು ಹೆಂಡತಿ ಅಡುಗೆಮನೆಯಲ್ಲಿ ಎರಡು ಹೋಳು ಮಾಡಿದಳು. ಪಡಸಾಲೆಯಲ್ಲಿದ್ದ ನನ್ನ ಮೂಗಿಗೆ ಕೌಟು ವಾಸನೆ ಬಡಿಯಿತು. ಹಳೇ ಎಣ್ಣೆಯಂಥ, ಗಂಟಲಲ್ಲೇ ಕೂತುಬಿಡುವ ವಾಸನೆ. ಅದರ ಹಿಂದೆಯೇ ದೊಡ್ಡಪ್ಪ ನೆನಪಿನಲ್ಲಿ ಬಂದು ನಿಂತರು...

ರಕ್ತಸಂಬಂಧದ ದೊಡ್ಡಪ್ಪ ಅಲ್ಲ. ಪಕ್ಕದ ತೋಟದವರು, ನಮಗೂ ಅವರಿಗೂ ಒಂದೇ ಬೇಲಿ. ಸುತ್ತಿನಲ್ಲಿ ಯಾರಿಗಾದರೂ ಅಟ್ಟದಲ್ಲಿ ಎಷ್ಟು ಒಳ್ಳೆ ಕೊಬ್ಬರಿ ಇದೆಯೆಂದು ತಿಳಿಯಬೇಕಾದರೆ ಅವರನ್ನು ಕರೆಯುತ್ತಿದ್ದರು. ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕೆಲವು ಆಗುತ್ತವೆ, ಕೆಲವು ಒಳಗೇ ಕೊಳೆಯುತ್ತವೆ. ಯಾವುದು ಏನಾಗಿದೆಯೆಂದು ಒಡೆಯದೆ ಗೊತ್ತಾಗುವುದಿಲ್ಲ.

ಮದುವೆಗೆ ಬಂದ ಮುತ್ತೈದೆಯರ ಮಡಿಲಿಗೆ ಒಂದೊಂದು ಇಡೀ ಕೊಬ್ಬರಿ ಹಾಕುವುದಾಗಿ ಅವ್ವ ಮೂರು ಊರಲ್ಲಿ ಹೇಳಿಕೊಂಡು ಬಂದಿದ್ದಳು. "ಅಂಗಡೀದಲ್ಲ ಕಣೇ, ನಮ್ ಅಟ್ಟದ್ದು" ಎಂದೂ ಸೇರಿಸಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ತೋಟವನ್ನು ಒಬ್ಬಳೇ ನಿಭಾಯಿಸಿದವಳು ಅವಳು. ಐನೂರು ಬೇಕಿತ್ತು. ಅಟ್ಟದಲ್ಲಿ ಆರುನೂರು ಕಾಯಿ ಇದ್ದವು. ಎಲ್ಲವನ್ನೂ ಮೊದಲೇ ಒಡೆದು ನೋಡೋಣವೆಂದರೆ, ಚಿಪ್ಪು ಬಿಟ್ಟ ಕೊಬ್ಬರಿಗೆ ಕಾರ್ತಿಕದ ಥಂಡಿಯಲ್ಲಿ ಬೂಷ್ಟು ಹಿಡಿಯುವ ಭಯ.

ನಾನಾಗ ಬಿ.ಎಸ್ಸಿ. ಎರಡನೇ ವರ್ಷ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿ. ಏಣಿ ಹತ್ತಿ ಅಟ್ಟದ ಬಾಯಲ್ಲೇ ನಿಂತು ಕೈಗೆ ಸಿಕ್ಕ ಹತ್ತು ಕಾಯಿ ಇಳಿಸಿ ಸುಲಿದು ಒಡೆದೆ. ಹತ್ತಕ್ಕೆ ಹತ್ತೂ ಬಂಗಾರ. ಇನ್ನು ಚಿಂತೆಯಿಲ್ಲವೆಂದು ಅವ್ವನಿಗೆ ಹೇಳಿದೆ. ಚಿಂತೆಯಿಲ್ಲವೆಂದು ನಾನು ಜೀವಮಾನದಲ್ಲಿ ಹೇಳಿದ್ದೇ ಕಡಿಮೆ, ಅದರಲ್ಲಿ ಇದೊಂದು. ಅವ್ವನಿಗೂ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಬೇಲಿಯಾಚೆ ಕೂಗಿ ದೊಡ್ಡಪ್ಪನನ್ನು ಕರೆದಳು.

ಅವರು ಅಟ್ಟದಲ್ಲಿ ಮೊಣಕಾಲೂರಿ ತೆವಳಿಕೊಂಡು ನಾಲ್ಕು ಮೂಲೆಗೂ ಹೋದರು. ಮೂಲೆಗೆ ಹತ್ತರಂತೆ, ಮೇಲಿನಿಂದ ಐದು, ರಾಶಿಯೊಳಗೆ ಭುಜದವರೆಗೂ ಕೈ ಇಳಿಸಿ ತಳದಿಂದ ಐದು. ಹಿಂದಿನ ಮೂಲೆಯಲ್ಲಿ ಹೆಂಚು ಸೋರುತ್ತಿತ್ತು. ಅಲ್ಲಿಗೆ ಅವರು ಹೋದದ್ದು ಕಂಡ ಕೂಡಲೇ ನನಗೆ ಅನುಮಾನ ಹುಟ್ಟಿತು. ಬೇಕೆಂದೇ ಕೆಟ್ಟವನ್ನು ಹುಡುಕುತ್ತಿಲ್ಲವೇ ಈ ಮನುಷ್ಯ? ಕೆಳಗಿಳಿದು ನಲವತ್ತನ್ನೂ ಒಡೆದು ಹೋಳು ಮಾಡಿದರು. ಆರು ಕೆಟ್ಟಿದ್ದವು.

"ಉಳಿದದ್ರಲ್ಲಿ ನಾನೂರಿಂದ ಐನೂರಾ ಇಪ್ಪತ್ತರ ಒಳಗೆ ಬತ್ತದೆ ಕಣಮ್ಮ. ಯಾವ್ದಕ್ಕೂ ಇನ್ನೊಂದು ನೂರು ಎತ್ತಿಟ್ಕೊಂಡಿರು."

"ನನ್ನ ಹತ್ತೂ ಚೆನ್ನಾಗಿದ್ವಲ್ಲ ದೊಡ್ಡಪ್ಪ" ಎಂದೆ.

"ನೀನು ಏಣಿ ತಲೇಲಿ ತಗಂಡಿದ್ದೀಯ. ಅದರ ಕೆಳಗೇ ನಿಮ್ಮವ್ವನ ಒಲೆ. ದಿನಾ ಹೊಗೆ ಕುಡಿದ ಕಾಯಿ ಕಣ್ಲಾ ಅವು, ಕೆಡು ಅಂದ್ರೂ ಕೆಡಾಕಿಲ್ಲ."

"ಹಂಗಾದ್ರೆ ಇನ್ನೂ ನಲವತ್ತು ಒಡೆಯಾನ. ಒಂದೇ ಲೆಕ್ಕ ಹೇಳಿ, ನಾನೂರೋ ಐನೂರೋ."

"ಇನ್ನಷ್ಟು ಒಡದ್ರೆ ಇನ್ನಷ್ಟು ಗೊತ್ತಾಯ್ತದೆ, ನಿಜ. ಮದುವೆಗೆ ಮಾತ್ರ ಉಳಿಯಾಕಿಲ್ಲ. ಒಂದೇ ಲೆಕ್ಕ ಹೇಳೋನು ದ್ಯಾವ್ರು, ಇಲ್ಲಾ ಕಳ್ಳ. ನಾನು ಹೇಳಿದ್ದೂ ಇಪ್ಪತ್ತು ಅಟ್ಟಕ್ಕೊಂದು ಸುಳ್ಳಾಯ್ತದೆ, ಬುಡು."

ಇವತ್ತು ತಿಪಟೂರಿನ ಕಾಲೇಜೊಂದರಲ್ಲಿ ಇಷ್ಟರಿಂದ ಇಷ್ಟರೊಳಗೆ ಎನ್ನುವ ಅಂದಾಜಿಗೆ ಕಾನ್ಫಿಡೆನ್ಸ್ ಇಂಟರ್ವಲ್ ಎಂದು ಬೋರ್ಡಿನ ಮೇಲೆ ಬರೆದು ನಾನು ಒಂದು ಗಂಟೆ ಒದ್ದಾಡುವ ಪಾಠ ಇದೇ. ಅವತ್ತು ಮಾತ್ರ ತಲೆಗೆ ಹೋಗಲಿಲ್ಲ. ಹೋದದ್ದು ಇಷ್ಟೇ: ನೂರು ಬೇಕು ಎನ್ನುತ್ತಿದ್ದಾರೆ, ಅವರ ಅಟ್ಟವೂ ತುಂಬಿದೆ. ತಮ್ಮ ಹಳೇ ಮಾಲನ್ನು ನಮಗೆ ದಾಟಿಸುವ ಹೂಟ. ಅವ್ವನ ಕಿವಿಯಲ್ಲಿ ಇದನ್ನು ಊದಿದೆ. ಅವಳು ನನ್ನ ಮುಖ ನೋಡಿ ಒಲೆಯ ಕಡೆ ತಿರುಗಿದಳು; ನೂರರ ಮಾತು ಅಲ್ಲಿಗೇ ನಿಂತಿತು.

ಮದುವೆಗೆ ಎರಡು ದಿನ ಮುಂಚೆ ಎಲ್ಲ ಕಾಯಿ ಸುಲಿದು ಚಿಪ್ಪು ಬಿಡಿಸಿದೆವು. ಕಣ್ಣಿಗೆ ಒಳ್ಳೆಯವೆಂದು ಕಂಡವು ನಾನೂರಾ ಅರವತ್ತೆಂಟು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂತಲ್ಲೇ ಕೂತಳು. ಮೂರು ಊರಲ್ಲಿ ಆಡಿದ ಮಾತು ಈಗ ಮೂವತ್ತೆರಡು ಕೊಬ್ಬರಿಗೆ ನಿಂತಿತ್ತು. ಆಮೇಲೆ ಬೇಲಿಯ ತಡಿಕೆ ಸರಿಸಿಕೊಂಡು ದೊಡ್ಡಪ್ಪ ಬಂದರು, ಹೆಗಲ ಮೇಲೊಂದು ಚೀಲ.

"ನಲವತ್ತವೆ. ಬೇಲಿ ಒಂದೇ, ಗಾಳಿ ಒಂದೇ, ಯಾರ ಅಟ್ಟದ್ದು ಅಂತ ಕೊಬ್ಬರಿ ಬಾಯಿ ಬಿಡಾಕಿಲ್ಲ. ಮುಂದಿನ ವರ್ಷ ನಲವತ್ತು ಕಾಯಿ ನಮ್ ಅಟ್ಟಕ್ಕೆ ಹಾಕಿಸ್ಬುಡಮ್ಮ."

ಅವ್ವ ಎದ್ದು ಅವರಿಗೆ ಕಾಫಿ ಮಾಡಲು ಹೋದಳು. ನಾನು ಅವರ ಎದುರಿಗೇ ನಲವತ್ತನ್ನೂ ಒಂದೊಂದಾಗಿ ಮೂಸಿ ನೋಡಿದೆ. ಅವರು ಬೀಡಿ ಹಚ್ಚಿಕೊಂಡು ನೋಡುತ್ತಿದ್ದರು. ಅವರು ಹೋದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಅವರ ಪ್ರತಿಯೊಂದು ಕೊಬ್ಬರಿಗೂ ಬುಡದಲ್ಲಿ ಇದ್ದಿಲಿನ ಸಣ್ಣ ಚುಕ್ಕೆ ಇಟ್ಟೆ. ನಾಳೆ ಯಾರಾದರೂ ಕೌಟು ಬಂತೆಂದರೆ, ಯಾರ ಅಟ್ಟದ್ದೆಂದು ನನ್ನ ಹತ್ತಿರ ಸಾಕ್ಷಿ ಇರಬೇಕಲ್ಲ.

ಮದುವೆ ಸಾಂಗವಾಗಿ ಆಯಿತು. ಬಸ್ಸು ಹೊತ್ತಿಗೆ ಮುಂಚೆ ಬಂತು. ಸೋದರಮಾವ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿದಳು. ಕೊಬ್ಬರಿ ಎಲ್ಲರಿಗೂ ಸಾಕಾಗಿ ಮಿಕ್ಕಿತು.

ಅಕ್ಕನ ಮನೆಯಿಂದ ಬಂದ ಎಳ್ಳಿನ ಚಿಗಳಿ ಕೊಡಲು ಕೆಲವು ದಿನಗಳ ಮೇಲೆ ದೊಡ್ಡಪ್ಪನ ಮನೆಗೆ ಹೋದೆ. ಹಿತ್ತಲಿನ ನೀರೊಲೆಯ ಕಟ್ಟೆಯ ಮೇಲೆ ಎರಡು ಹೋಳಾದ ಕೊಬ್ಬರಿಯೊಂದು ಒಲೆಗೆ ಬೀಳಲು ಕಾದು ಕೂತಿತ್ತು. ಒಳಗೆ ಕಪ್ಪು. ಹೊರಗೆ ಅಕ್ಕ ಹಚ್ಚಿದ್ದ ಅರಿಶಿನ ಕುಂಕುಮ ಹಾಗೇ ಇತ್ತು. ನಾನು ತಡೆಯಲಾರದೆ ಬುಡ ತಿರುಗಿಸಿ ನೋಡಿದೆ. ಚುಕ್ಕೆ ಇರಲಿಲ್ಲ. ನಮ್ಮದೇ. ಅಷ್ಟೊಂದು ಮಡಿಲುಗಳಲ್ಲಿ ಅದು ಹೋಗಿ ಬಿದ್ದದ್ದು ದೊಡ್ಡಮ್ಮನ ಮಡಿಲಿಗೆ.

ಬೆನ್ನ ಹಿಂದೆ ದೊಡ್ಡಪ್ಪ ನಿಂತಿದ್ದರು. "ನಮ್ಮವಕ್ಕೆ ಮಸಿ ಇಟ್ಟಿದ್ದಲ್ವೇನ್ಲಾ, ಮದುವೇಲೇ ನೋಡ್ದೆ" ಎಂದರು, ಮಳೆ ಬಂತೇನೋ ಎಂದು ಕೇಳುವ ದನಿಯಲ್ಲಿ. ಕೊಬ್ಬರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಲೆಗೆ ಹಾಕಿದರು. ಎಣ್ಣೆ ಇನ್ನೂ ಇತ್ತು, ಭಗ್ಗನೆ ಹತ್ತಿತು. "ನಿಮ್ಮವ್ವಂಗೆ ಹೇಳಬ್ಯಾಡ."

ನನ್ನ ಬುದ್ಧಿ ನೋಡಿ, ಅದರಿಂದಲೂ ನೆಟ್ಟಗಾಗಲಿಲ್ಲ. ಎಂದಾದರೂ ಬೇಲಿಯ ಜಗಳದಲ್ಲೋ ನೀರಿನ ಜಗಳದಲ್ಲೋ ಇದನ್ನು ಎತ್ತಿ ಆಡುತ್ತಾರೆಂದು ಕಾದೆ. ಬೇಲಿಯ ಜಗಳ ಬಂತು. ನೀರಿನ ಜಗಳವೂ ಬಂತು. ಅವರು ಎತ್ತಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ನೋಡಲು ಹೋದಾಗಲೂ ಒಳಗೊಳಗೇ ಕಾದೆ. ಅವರು ನಮ್ಮ ಹಿಂದಿನ ಮೂಲೆಯ ಹೆಂಚು ಹೊದಿಸಿದ್ದೀರಾ ಎಂದು ಕೇಳಿದರು. ಹೊದಿಸಿದ್ದೇವೆ ಎಂದೆ. ಹೊದಿಸಿರಲಿಲ್ಲ... ಆ ವಾರವೇ ಹೋದರು.

ಭಾನುವಾರ ಹೆಂಡತಿ, "ಹೊನ್ನವಳ್ಳಿಯವರಿಗೆ ಫೋನ್ ಮಾಡಿ ಹೇಳ್ಲಾ ಬ್ಯಾಡ್ವಾ?" ಎಂದಳು. ಬೇಡವೆಂದೆ. ಹೋಳುಗಳನ್ನು ಕೈಗೆ ತೆಗೆದುಕೊಂಡವನು ಯಾತಕ್ಕೋ ಬುಡ ತಿರುಗಿಸಿ ನೋಡಿದೆ. ನಮ್ಮದು ಗ್ಯಾಸ್ ಒಲೆ, ಸುಡಲು ನೀರೊಲೆ ಇಲ್ಲ. ಕಾಗದದಲ್ಲಿ ಸುತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಸದ ಬುಟ್ಟಿಯ ತಳದಲ್ಲಿ ಇಟ್ಟೆ.