ಮಳೆ ಇಲ್ಲದ ದಿನಗಳು

ದೋಣಿಗಲ್ ಹತ್ತಿರದ ನಮ್ಮ ಮನೆಯಂಗಳದಲ್ಲಿ ಮಳೆ ಅಳೆಯುವ ಡಬ್ಬವೊಂದಿದೆ. ಬೆಳಿಗ್ಗೆ ಏಳಕ್ಕೆ, ಕಾಫಿಗೂ ಮೊದಲು, ಅದರ ನೀರನ್ನು ಅಳೆದು ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತೇನೆ. ಅಪ್ಪ ಬರೆಯುತ್ತಿದ್ದ ಹಾಗೆಯೇ, ಮಳೆ ಬಂದ ದಿನ ಮಾತ್ರ. ಪಾಳ್ಯದ ಕಡೆ ಕೊಟ್ಟ ತಂಗಿಗೂ ಅಂಥದ್ದೇ ಡಬ್ಬ, ಪುಸ್ತಕ ಕೊಟ್ಟಿದ್ದೆ. ಮಳೆಗಾಲದಲ್ಲಿ ದಿನಾ ಫೋನ್ ಮಾಡಿ ನಿಮ್ಮಲ್ಲಿ ಎಷ್ಟಾಯ್ತು ಎಂದು ಕೇಳುವಳು.

ಅವಳ ಮನೆ ದೂರವೇನಲ್ಲ. ಆದರೆ ಬಸ್ಸು ಆಲೂರು ದಾಟುವಷ್ಟರಲ್ಲಿ ಮರಗಳೇ ಬೇರೆ. ನಮ್ಮ ಘಾಟಿಯ ಹೆಬ್ಬಲಸು, ನೇರಳೆ ವರ್ಷವಿಡೀ ಹಸಿರು. ಅವಳ ಮೂರು ಎಕರೆ ಕಾಫಿಗೆ ನೆರಳೆಂದರೆ ಮತ್ತಿ, ನಂದಿ. ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುವಂಥವು.

ಎರಡು ವರ್ಷ ಅವಳ ಕಡೆಯೂ ಸುರಿದದ್ದೇ ಸುರಿದದ್ದು. ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ಕೂಡಿಸಿದೆ; ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹವೆ ತಿರುಗಿದೆ, ಇನ್ನು ನಿನ್ನದೂ ಮಲೆನಾಡೇ, ಈ ಬೋಳು ಮರ ತೆಗೆಸಿ ಘಾಟಿಯ ಸಸಿ ಹಾಕು ಎಂದೆ. ಅವಳು ಹಿಂಜರಿದಳು. ಬೇಸಿಗೆ ಕಳೆಯಲಿಕ್ಕೇ ಅವು ಎಲೆ ಉದುರಿಸುತ್ತವೆ ಎಂದು ಅವಳ ಅತ್ತೆ ಹೇಳುತ್ತಿದ್ದರಂತೆ. ನಾನು ಪುಸ್ತಕ ತೋರಿಸಿದೆ. ಮುಕ್ಕಾಲು ಪಾಲು ಮರ ಉರುಳಿದವು. ಸಸಿಗಳನ್ನು ನಾನೇ ಜೀಪಿನಲ್ಲಿ ಒಯ್ದೆ.

ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗೆ ಅವಳಲ್ಲಿ ಹನಿ ಬೀಳಲಿಲ್ಲ. ನಮ್ಮಲ್ಲೂ ಮಳೆಯಿರಲಿಲ್ಲ, ಆದರೆ ಘಾಟಿಯಿಂದ ಮಂಜು ಏರಿ ಬಂದು ಎಲೆ ತೋಯಿಸುತ್ತಿತ್ತು. ಡಬ್ಬಕ್ಕೆ ಅದು ಸಿಗುವುದಿಲ್ಲ. ಅವಳ ಸಸಿಗಳು ತುದಿಯಿಂದ ಬುಡಕ್ಕೆ ಒಣಗುತ್ತಾ ಬಂದವು. ಬೋಳು ಕೊಂಬೆಗಳ ನೆರಳೂ ಇಲ್ಲದ ಕಾಫಿ ಬಿಸಿಲಿಗೆ ಸುಟ್ಟುಹೋಯಿತು.

ನೋಡಲು ಹೋದಾಗ ಅವಳು ಜಗಳ ತೆಗೆಯಲಿಲ್ಲ. ಅಕ್ಕಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ನಾನೇ ಸುಮ್ಮನಿರಲಾರದೆ, ಅಳತೆಯಲ್ಲಿ ಒಂದು ಸೆಂಟೂ ತಪ್ಪಿಲ್ಲವಲ್ಲ ಎಂದೆ. ಅವಳು ಕೈ ಒರೆಸಿಕೊಂಡು ಪುಸ್ತಕ ತಂದಳು, ಹಾಳೆ ಮಗುಚಿದಳು.

"ಮಳೆ ಬಂದ ದಿನ ಎಲ್ಲಾ ಐತೆ ಅಣ್ಣಯ್ಯ. ಮಳೆ ಇಲ್ದಿದ್ದ ದಿನ ಎಲ್ಲೈತೆ?"

ನಾನು ರೊಟ್ಟಿ ಮುರಿಯುತ್ತಾ ಕೂತೆ.

"ನಮ್ ಮತ್ತಿ ಮರಕ್ಕೆ ಗೊತ್ತಿತ್ತು," ಎಂದಳು. ಇನ್ನೊಂದು ರೊಟ್ಟಿ ಹಾಕಿದಳು.

ಈಗ ಒಣ ದಿನಗಳಲ್ಲೂ ಡಬ್ಬದೊಳಗೆ ಇಣುಕಿ ಸೊನ್ನೆ ಬರೆಯುತ್ತೇನೆ, ಮಂಜು ಬಿದ್ದರೆ ಅದನ್ನೂ. ಕಡಿದ ಮತ್ತಿಯ ಬುಡಗಳು ಚಿಗುರಿವೆಯೆಂದು ತಂಗಿಯ ಗಂಡ ಹೇಳಿದ. ಅವು ನೆರಳಾಗುವ ಹೊತ್ತಿಗೆ ತಂಗಿ ಮುದುಕಿಯಾಗಿರುತ್ತಾಳೆ. ಅವಳ ಡಬ್ಬದಲ್ಲಿ ಕೋಳಿಗಳು ನೀರು ಕುಡಿಯುತ್ತವೆ. ಈ ಮಳೆಗಾಲ ಬೆಳಿಗ್ಗೆ ಒಮ್ಮೆಯೂ ಅವಳ ಫೋನ್ ಬರಲಿಲ್ಲ.