ಕಾಫಿಗೆ ಮುಂಚಿನ ಒಂದು ಗಂಟೆ

ಒಳಗೆ ನಮ್ಮ ಯಜಮಾನರು ಫಿಲ್ಟರಿಗೆ ಬಿಸಿನೀರು ಹಾಕಿದ್ದಾರೆ. ಡಿಕಾಕ್ಷನ್ನಿನ ವಾಸನೆ ನಡುಮನೆ ದಾಟಿ, ನಾನು ಕೂತಿರುವ ಮುಂಬಾಗಿಲ ಮೆಟ್ಟಿಲ ತನಕ ಬಂದಿದೆ. ನೀವು ಕಾಫಿ ಕುಡಿಯುವವರಾದರೆ ನಿಮಗೆ ಗೊತ್ತಿರುತ್ತದೆ, ಈ ವಾಸನೆ ಮೂಗಿಗೆ ಬಿದ್ದ ಮೇಲೆ ಸುಮ್ಮನೆ ಕೂರುವುದು ಸುಲಭವಲ್ಲ. ಆದರೂ ಕೂತಿದ್ದೇನೆ. ಈಗಷ್ಟೇ ಥೈರಾಯ್ಡ್ ಮಾತ್ರೆ ನುಂಗಿದ್ದೇನೆ. ಇನ್ನು ಒಂದು ಗಂಟೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವಂತಿಲ್ಲ. ಹೋದ ಮಳೆಗಾಲದಿಂದ ಈಚೆಗೆ ನಾನು ಈ ಗಂಟೆಯನ್ನು ಕಾದಿರಲಿಲ್ಲ. ಇವತ್ತು ಕಾಯುತ್ತಿದ್ದೇನೆ. ಕೈ ಖಾಲಿ ಇದ್ದರೆ ಕಾಲು ಅಡುಗೆಮನೆಗೆ ಓಡುತ್ತದೆ ಅಂತ ಪೆನ್ನು ಹಿಡಿದಿದ್ದೇನೆ. ನೀವೂ ಜೊತೆಗಿದ್ದರೆ ಹೊತ್ತು ಹೋಗುತ್ತದೆ.

ಈ ಗಂಟೆ ನನ್ನೊಬ್ಬಳದಾಗಿರಲಿಲ್ಲ. ಅರ್ಧ ನನ್ನದು, ಅರ್ಧ ಎದುರು ಮನೆಯ ಜಬೀನಾ ಅವರದು. ನಾವು ಗುಬ್ಬಿಗೆ ಬಂದು ಈ ಬೀದಿಯಲ್ಲಿ ಮನೆ ಮಾಡಿದಾಗಲೇ ಬೀದಿಯವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು. ಅಕ್ಕ ಅಂತ ಅರ್ಥ. ನಾನೂ ಹಾಗೇ ಕರೆದೆ. ಅವರ ತವರು ಕುಣಿಗಲ್. ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಹಾಸಿಗೆ ಅಂಗಡಿ. ಆಪಾ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ನಾನು ಫಾಲ್ಸ್ ಹಾಕಿ ಜಿಗ್‌ಜಾಗ್ ಹೊಲಿಯುವವಳು. ನನ್ನ ಮಿಷನ್ನಿನಿಂದ ಇಳಿದ ಸೀರೆ ರಸ್ತೆ ದಾಟಿದರೆ ಅವರ ಕೈಗೆ ಸೇರುತ್ತಿತ್ತು. ಗಿರಾಕಿಗಳು ನಮ್ಮಿಬ್ಬರನ್ನೂ ಒಂದೇ ಅಂಗಡಿ ಅಂದುಕೊಂಡಿದ್ದರು.

ಒಂದು ಬೆಳಿಗ್ಗೆ ಅವರು ಯಾವುದೋ ಸೀರೆಗೆ ದಾರದ ಬಣ್ಣ ಕೇಳಲು ಬಂದರು. ಕಾಫಿ ಕುಡಿಯಿರಿ ಅಂದೆ. ಮಾತ್ರೆ ನುಂಗಿ ಇನ್ನೂ ಗಂಟೆಯಾಗಿಲ್ಲ, ಬೇಡ ಅಂದರು. ಹಾಗಾದರೆ ನಾನೂ ನಿಮ್ಮ ಜೊತೆ ಆಮೇಲೆ ಕುಡಿಯುತ್ತೇನೆ ಅಂದೆ. ಆಪಾ ನನ್ನ ಮುಖ ನೋಡಿದರು.

"ನಿಂಗೂ ಐತಾ ಥೈರಾಯ್ಡು?"

"ಹೂಂ ಆಪಾ. ಐವತ್ತರ ಮಾತ್ರೆ. ನಿಮ್ದು?"

"ಎಪ್ಪತ್ತೈದು. ನಿನಗಿಂತ ಸೀನಿಯರ್ರು ಕಣೇ."

ಅವತ್ತಿನಿಂದ ನಾವು ಜೊತೆಯಾದೆವು. ಬೆಳಿಗ್ಗೆ ಎದ್ದ ತಕ್ಷಣ ಮಾತ್ರೆ ನುಂಗಿ ಇಬ್ಬರೂ ಚಪ್ಪಲಿ ಮೆಟ್ಟುವುದು. ರೈಲ್ವೆ ಸ್ಟೇಷನ್ ತನಕ ಹೋಗಿ ಬರಲು ಅರ್ಧ ಗಂಟೆ. ಉಳಿದ ಅರ್ಧ ಗಂಟೆ ಈ ಮೆಟ್ಟಿಲ ಮೇಲೆ. ನಮ್ಮ ಯಜಮಾನರು ಒಳಗೆ ಕಾಫಿ ಹೀರುತ್ತಾ, ಥೈರಾಯ್ಡ್ ಸಂಘದ ಮೀಟಿಂಗ್ ಮುಗೀತಾ ಅಂತ ರೇಗಿಸುತ್ತಿದ್ದರು. ಅಧ್ಯಕ್ಷರು ಇನ್ನೂ ಮಾತಾಡ್ತಾವ್ರೆ ಅಂತ ಆಪಾ ಹೊರಗಿನಿಂದಲೇ ಉತ್ತರ ಕೊಡುತ್ತಿದ್ದರು. ಮಾತಾಡದ ವಿಷಯವಿರಲಿಲ್ಲ. ಗಂಡಂದಿರ ಗೊರಕೆ, ಉದುರುವ ಕೂದಲು, ಹೆಬ್ಬೂರಿನಿಂದ ಬಂದು ಸೀರೆ ಕೊಟ್ಟು ಹೋಗಿ ಆರು ತಿಂಗಳಾದರೂ ತೆಗೆದುಕೊಂಡು ಹೋಗದ ಹೆಂಗಸು. ಈಗ ನೆನೆದರೆ ಒಂದೂ ದೊಡ್ಡ ಮಾತಲ್ಲ.

ರಿಪೋರ್ಟ್ ಓದುವುದನ್ನೂ ನಾನು ಕಲಿತದ್ದು ಈ ಮೆಟ್ಟಿಲ ಮೇಲೆಯೇ. ಮೊದಮೊದಲು ನನಗೆ ಅದು ತಲೆಕೆಳಗಾಗಿ ಕಾಣುತ್ತಿತ್ತು. ಟಿಎಸ್‌ಎಚ್ ಜಾಸ್ತಿ ಅಂತ ಬಂದರೆ ಥೈರಾಯ್ಡ್ ಜಾಸ್ತಿಯಾಗಿದೆ ಅಂದುಕೊಳ್ಳುತ್ತಿದ್ದೆ. ಜಾಸ್ತಿಯಾಗಿದ್ದಕ್ಕೆ ಡಾಕ್ಟರು ಮಾತ್ರೆಯನ್ನೂ ಜಾಸ್ತಿ ಮಾಡುತ್ತಾರಲ್ಲ, ಇದೆಂಥ ನ್ಯಾಯ ಅಂತ ನಮ್ಮ ಯಜಮಾನರ ಹತ್ತಿರ ಕೇಳಿದ್ದೆ. ಅವರು ಬಿ.ಕಾಂ. ಓದಿದವರು. ಸ್ವಲ್ಪ ಹೊತ್ತು ಯೋಚಿಸಿ, ನೀನು ಹೇಳೋದರಲ್ಲೂ ಪಾಯಿಂಟ್ ಇದೆ ಅಂದಿದ್ದರು. ತುಮಕೂರಿನಲ್ಲಿ ನಾವಿಬ್ಬರೂ ತೋರಿಸುತ್ತಿದ್ದ ಲೇಡಿ ಡಾಕ್ಟರು ಒಮ್ಮೆ ಬಿಡಿಸಿ ಹೇಳಿದರು. ಟಿಎಸ್‌ಎಚ್ ಹುಟ್ಟುವುದು ತಲೆಯೊಳಗಿನ ಒಂದು ಸಣ್ಣ ಗ್ರಂಥಿಯಲ್ಲಿ. ಕತ್ತಿನಲ್ಲಿರುವ ಥೈರಾಯ್ಡಿಗೆ ಕೆಲಸ ಮಾಡು ಅಂತ ಅದು ಕಳಿಸುವ ಹುಕುಂ. ಥೈರಾಯ್ಡ್ ಸೋತಷ್ಟೂ ಹುಕುಂ ಜೋರಾಗುತ್ತದೆ. ನನಗೆ ಅರ್ಧ ಅರ್ಥವಾಯಿತು. ಪೂರ್ತಿ ಅರ್ಥವಾದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ ಆಪಾ ಹೇಳಿದ ಮೇಲೆ.

"ತಲೇಲಿರೋಳು ಅತ್ತೆ, ಕತ್ತಲ್ಲಿರೋಳು ಸೊಸೆ. ಸೊಸೆ ಕೆಲ್ಸ ಮಾಡ್ದಿದ್ರೆ ಅತ್ತೆ ಕೂಗಾಡ್ತಾಳೆ. ಪೇಪರ್‌ನಾಗೆ ಬರೋದು ಅತ್ತೆ ಕೂಗಾಟ ಕಣೇ, ಸೊಸೆ ಅಡ್ಗೆ ಅಲ್ಲ."

ಮಾತ್ರೆ ಅಂದರೆ ಹೊರಗಿನಿಂದ ತಂದ ಊಟ, ಅದು ಸಾಕಷ್ಟು ಬಂದರೆ ಅತ್ತೆ ಸುಮ್ಮನಾಗುತ್ತಾಳೆ, ಅತಿಯಾಗಿ ಬಂದರೆ ಅತ್ತೆಯ ಉಸಿರೇ ಕೇಳುವುದಿಲ್ಲ, ಅದೂ ಒಳ್ಳೆಯದಲ್ಲ. ಹೀಗೆ ನಮ್ಮ ಬೀದಿಯ ಎಷ್ಟೋ ಹೆಂಗಸರಿಗೆ ಆಪಾ ಪಾಠ ಮಾಡಿದ್ದರು. ಡೋಸ್ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅದು ಡಾಕ್ಟರ್ ಹತ್ರ ಅನ್ನುತ್ತಿದ್ದರು.

ಇಷ್ಟೆಲ್ಲ ತಿಳಿದವರ ಕೈಯಲ್ಲೇ ಒಂದು ಸಲ ಲೆಕ್ಕ ತಪ್ಪಿತು.

ಅದು ರಂಜಾನ್ ಮುಗಿದ ಹೊಸತು. ಉಪವಾಸದ ಆ ತಿಂಗಳು ನಮ್ಮ ವಾಕಿಂಗ್ ಇರುತ್ತಿರಲಿಲ್ಲ. ಹಬ್ಬಕ್ಕೆ ಕುಣಿಗಲ್ಲಿಗೆ ಹೋಗಿ ಬಂದ ಆಪಾ ಮಾಮೂಲಿನಂತೆ ರಕ್ತ ಕೊಟ್ಟರು. ಯಾವಾಗಲೂ ಎರಡು, ಎರಡೂವರೆ ಇರುತ್ತಿದ್ದ ಟಿಎಸ್‌ಎಚ್ ಒಂಬತ್ತಾಗಿತ್ತು. ಮಾತ್ರೆ ದಿನಾ ತಗೋತೀರಾ ಅಂತ ಡಾಕ್ಟರು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಅಂದರು ಆಪಾ. ಅದು ನಿಜವೂ ಆಗಿತ್ತು. ಎಪ್ಪತ್ತೈದು ಇದ್ದ ಡೋಸ್ ನೂರಾಯಿತು.

ಮತ್ತೆ ವಾಕಿಂಗ್ ಶುರುವಾಯಿತು. ಮೊದಮೊದಲು ಆಪಾ ನನಗಿಂತ ಮುಂದೆ ಮುಂದೆ ನಡೆಯತೊಡಗಿದರು. ಹೊಸ ಡೋಸ್ ಚೆನ್ನಾಗಿ ಹಿಡಿದಿದೆ ಅಂತ ಇಬ್ಬರೂ ಖುಷಿಪಟ್ಟೆವು. ಕೆಲವು ವಾರ ಕಳೆಯಿತು. ಅವರಿಗೆ ನಿದ್ದೆ ಬಾರದಾಯಿತು, ತಣ್ಣನೆಯ ಬೆಳಗಿನಲ್ಲೂ ಕುತ್ತಿಗೆ ಬೆವರುತ್ತಿತ್ತು. ಒಂದು ದಿನ ಮದುವೆ ಹೆಣ್ಣಿನ ಸೀರೆಯೊಂದನ್ನು ಅರ್ಧ ಕುಚ್ಚಿನಲ್ಲೇ ಮಡಚಿ ತಂದು ನನ್ನ ಮಿಷನ್ ಮೇಲಿಟ್ಟರು. ಬೇರೆಯವರ ಕೈಲಿ ಮಾಡಿಸಿ ಮುಗಿಸಿಬಿಡು ಅಂದರು. ಗಂಟು ಹಾಕಲು ಹೋದರೆ ಬೆರಳು ನಡುಗುತ್ತಿತ್ತು. ಕೂದಲೆಳೆಯಂಥ ದಾರ, ನಡುಗುವ ಬೆರಳಿಗೆ ಸಿಗುವುದಿಲ್ಲ.

"ಎದೆ ಮೇಲೆ ಕೈ ಇಡು," ಅಂದರು. ಇಟ್ಟೆ. ಓಡಿ ಬಂದವರ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಕೂತೇ ಇದ್ದರು. "ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು ಕಣೇ. ಮನೇಲಿ ಹೇಳ್ಬೇಡ."

ಅವರ ತಾಯಿ ಹೃದಯದ ಕಾಯಿಲೆಯಲ್ಲಿ ತೀರಿಕೊಂಡವರು. ಮನೆಯಲ್ಲಿ ಹೇಳಲಿಲ್ಲ, ಆದರೆ ಮರುದಿನವೇ ಬಲವಂತವಾಗಿ ಲ್ಯಾಬಿಗೆ ಕರೆದುಕೊಂಡು ಹೋದೆ. ಈ ಸಲ ಟಿಎಸ್‌ಎಚ್ ಒಂದಕ್ಕಿಂತ ಎಷ್ಟೋ ಕೆಳಗೆ, ಸೊನ್ನೆಯ ಪಕ್ಕದಲ್ಲಿತ್ತು. ಅತ್ತೆಯ ಉಸಿರೇ ಇಲ್ಲ. ತುಮಕೂರಿಗೆ ಹೊರಟ ಬಸ್ಸು ಹೆಗ್ಗೆರೆ ದಾಟಿತು. ಆಪಾ ಕಿಟಕಿಯ ಕಡೆ ತಿರುಗಿಕೊಂಡೇ, ರಂಜಾನಿನಲ್ಲಿ ಎಷ್ಟು ಚೆನ್ನಾಗಿದ್ದೆ, ಸ್ವಲ್ಪ ಸುಸ್ತಿತ್ತು ಅಷ್ಟೇ, ಕೈಯಂತೂ ನಡುಗುತ್ತಿರಲಿಲ್ಲ ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಡಾಕ್ಟರು ಎರಡೂ ರಿಪೋರ್ಟನ್ನು ಅಕ್ಕಪಕ್ಕ ಇಟ್ಟು ನೋಡಿದರು. ಇಪ್ಪತ್ತೈದು ಏರಿಸಿದ್ದಕ್ಕೆ ಇಷ್ಟೊಂದು ಇಳಿಯಬಾರದಿತ್ತಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುವವಳು, ಡಾಕ್ಟರ ಮುಂದೆ ಬಾಯಿ ಬಿಡುವವಳಲ್ಲ. ಆದರೂ ಆಪಾ ಕಡೆ ತಿರುಗಿ ಕೇಳಿದೆ.

"ಆಪಾ, ರಂಜಾನಲ್ಲಿ ಮಾತ್ರೆ ಹೆಂಗೆ ತಗೋತಿದ್ರಿ?"

"ಸಹರಿಗೆ ಎದ್ದಾಗ. ಊಟ ಆದ್ಮೇಲೆ ಕೊನೇಲಿ ಹಾಲಿನ ಟೀ ಕುಡೀತೀನಲ್ಲ, ಅದ್ರ ಜೊತೆ. ಮಂಡಿ ನೋವಿನ ಕ್ಯಾಲ್ಸಿಯಂ ಮಾತ್ರೇನೂ ಆಗ್ಲೇ. ಆಜಾನ್ ಆಗ್ಬುಟ್ರೆ ಆಮೇಲೆ ನೀರೂ ಮುಟ್ಟಂಗಿಲ್ವಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಉಪವಾಸ ಶುರುವಾಗುವ ಮುಂಚಿನ ಆ ನಸುಕಿನ ಊಟದಲ್ಲಿ, ತುಂಬಿದ ಹೊಟ್ಟೆ, ಹಾಲು, ಕ್ಯಾಲ್ಸಿಯಂ ಎಲ್ಲದರ ನಡುವೆ ಮಾತ್ರೆಯ ಎಷ್ಟು ಭಾಗ ಮೈಗೆ ಹತ್ತಿತೋ. ಇಡೀ ತಿಂಗಳು ಹಾಗೆ ನಡೆದಿತ್ತು. ರಕ್ತ ಕೊಟ್ಟದ್ದು ಅದರ ಬೆನ್ನಿಗೇ. ಡೋಸ್ ಏರಿದ್ದು ಆ ತಿಂಗಳಿನ ಲೆಕ್ಕಕ್ಕೆ. ಆಮೇಲೆ ನುಂಗಿದ್ದು ಖಾಲಿ ಹೊಟ್ಟೆಯಲ್ಲಿ, ನೂರಕ್ಕೆ ನೂರೂ ಮೈಗೆ ಹತ್ತುವಂತೆ.

"ಇದನ್ನ ಆವತ್ತೇ ಹೇಳ್ಬಾರ್ದಿತ್ತೇನಮ್ಮ?" ಅಂದರು ಡಾಕ್ಟರು.

"ದಿನಾ ತಗೋತೀರಾ ಅಂತ ಕೇಳಿದ್ರಿ ಮೇಡಂ. ಹೆಂಗೆ ತಗೋತೀರಾ ಅಂತ ಕೇಳ್ಲಿಲ್ಲ."

ಡಾಕ್ಟರು ನಕ್ಕುಬಿಟ್ಟರು. ಅದು ನನ್ನ ತಪ್ಪೇ ಅಂದರು. ಎದೆಗೊಂದು ಇಸಿಜಿ ಮಾಡಿಸಿದರು, ಬಡಿತ ಜೋರಾಗಿದ್ದದ್ದು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಎಪ್ಪತ್ತೈದು ಬರೆದರು. ಮುಂದಿನ ರಂಜಾನಿಗೆ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು, ಮಲಗುವಾಗ ನುಂಗಿ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ ಅಂದರು. ಬಸ್ ಸ್ಟ್ಯಾಂಡಿನ ಹತ್ತಿರ ತಟ್ಟೆ ಇಡ್ಲಿ ತಿನ್ನುವಾಗ ಆಪಾ ಎರಡನೆಯ ಪ್ಲೇಟನ್ನೂ ತರಿಸಿದರು. ಬೆಣ್ಣೆ ಸವರಿದ ಇಡ್ಲಿ ಮುರಿಯುವ ಬೆರಳು ಇನ್ನೂ ನಡುಗುತ್ತಲೇ ಇತ್ತು, ಆದರೆ ಮುಖ ಬೇರೆಯಾಗಿತ್ತು. ಒಂಬತ್ತು ಅಂತ ಬಂದದ್ದು ನನ್ನ ರಿಪೋರ್ಟ್ ಅಲ್ಲ, ಸಹರಿ ಟೀದು ಅಂತ ಅಲ್ಲಿದ್ದ ಸಪ್ಲೈಯರ್‌ಗೂ ಹೇಳಿದರು. ಅವನು ಇನ್ನೊಂದು ಟೀ ಬೇಕಾ ಅಂತ ಕೇಳಿದ.

ಮದುವೆ ಹೆಣ್ಣಿನ ಸೀರೆಯ ಉಳಿದರ್ಧ ಕುಚ್ಚನ್ನು ಆಪಾ ತಾವೇ ಕಟ್ಟಿದರು. ನಾನು ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಮದುವೆಯ ದಿನವೇ ಹತ್ತಿರ ಬಂದು, ಸೀರೆಯವರ ಕೈಲಿ ನಾನು ಬೈಸಿಕೊಂಡದ್ದು ಬೇರೆ ಮಾತು. ಅಲ್ಲಿಂದ ಮುಂದೆ ಯಾರು ರಿಪೋರ್ಟ್ ತಂದರೂ ಆಪಾ ಕಾಗದ ಬಿಡಿಸುವ ಮುಂಚೆ ಕೇಳುತ್ತಿದ್ದದ್ದು ಒಂದೇ: ಹೆಂಗೆ ನುಂಗ್ದೆ? ಸಿ.ಎಸ್. ಪುರದಿಂದ ಸೀರೆ ತರುತ್ತಿದ್ದ ಒಬ್ಬ ಹುಡುಗಿ ಬಸುರಿ, ಕಬ್ಬಿಣದ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗುತ್ತಿದ್ದಳು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿಸಿದರು.

ಹೋದ ಮಳೆಗಾಲದಲ್ಲಿ ಆಪಾಗೆ ಡೆಂಗ್ಯೂ ಬಂತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ, ಮಾತ್ರೆ ತಗೊಂಡ್ಯಾ ಅಂತ ಕೇಳಿದರು. ಹೂಂ ಅಂದೆ. ಅದಕ್ಕಿಂತ ಹೆಚ್ಚು ಮಾತಾಡುವ ಶಕ್ತಿ ಅವರಿಗಿರಲಿಲ್ಲ. ವಾರ ಕಳೆಯುವುದರೊಳಗೆ ಹೋಗಿಬಿಟ್ಟರು. ಇದರ ಬಗ್ಗೆ ಇನ್ನೂ ಬರೆಯಬೇಕು ಅಂದುಕೊಂಡಿದ್ದೆ. ಇಷ್ಟೇ ಬರುತ್ತಿದೆ.

ಆಮೇಲಿನ ಬೆಳಗುಗಳಲ್ಲೂ ನಾನು ಮಾತ್ರೆ ನುಂಗಿದೆ. ಆದರೆ ನುಂಗಿದ ಮೇಲಿನ ಆ ಒಂದು ಗಂಟೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತರೆ ಎದುರು ಬಾಗಿಲು ಕಾಣುತ್ತದೆ. ನೇರ ಅಡುಗೆಮನೆಗೆ ಹೋದೆ, ಯಜಮಾನರು ಕಾಫಿ ಬಗ್ಗಿಸುತ್ತಿದ್ದರು, ಕುಡಿದೆ. ಮರುದಿನವೂ ಕುಡಿದೆ. ತಿಂಗಳುಗಳು ಹೋದವು. ಮೈ ಭಾರವಾಯಿತು, ಬಿಸಿಲಲ್ಲೂ ಚಳಿ ಅನ್ನಿಸುತ್ತಿತ್ತು, ಮಾತು ಬೇಡವಾಯಿತು, ಒಂದು ಸೀರೆ ಮುಗಿಸಲು ಇಡೀ ದಿನ ಬೇಕಾಯಿತು. ಆಪಾ ಹೋದ ಮೇಲೆ ಇವಳು ಹೀಗಾದಳು ಅಂತ ಬೀದಿಯವರು ಅಂದರು. ನಾನೂ ಹಾಗೇ ನಂಬಿದ್ದೆ. ಇಂಥ ಭಾರ ಇರಬೇಕಾದದ್ದೇ, ಇರಲಿ ಅಂತ ಇಟ್ಟುಕೊಂಡಿದ್ದೆ.

ನಿನ್ನೆ ತುಮಕೂರಿಗೆ ಹೋಗಿದ್ದೆ. ಟಿಎಸ್‌ಎಚ್ ಎಂಟು ದಾಟಿದೆ. ದಿನಾ ತಗೋತೀರಾ ಅಂತ ಡಾಕ್ಟರು ಕೇಳಿದರು. ಹೂಂ ಅಂದೆ. ಅವರ ಪೆನ್ನು ಎಪ್ಪತ್ತೈದು ಬರೆಯಲು ಇಳಿಯುತ್ತಿತ್ತು. ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ಈ ಸಲ ಕೇಳುವವರು ಯಾರೂ ಇಲ್ಲ, ನಾನೇ ಹೇಳಬೇಕು ಅನ್ನಿಸಿತು.

"ಬರೀಬೇಡಿ ಮೇಡಂ. ಡೋಸ್ ಸರಿಯಾಗೇ ಇದೆ. ನುಂಗಿದ ತಕ್ಷಣ ಕಾಫಿ ಕುಡೀತಿದೀನಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು, ಆಮೇಲೆ ಖಾಲಿ ಕುರ್ಚಿಯನ್ನು ನೋಡಿದರು. ಆಪಾ ಹೋದದ್ದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಐವತ್ತನ್ನೇ ಮುಂದುವರಿಸಿ, ಆರು ವಾರ ಸರಿಯಾಗಿ ನುಂಗಿ ರಕ್ತ ಕೊಡಿ, ಆಗಲೂ ಇಳಿಯದಿದ್ದರೆ ಏರಿಸೋಣ ಅಂದರು. ಮನೆಗೆ ಬಂದಾಗ ಯಜಮಾನರು ಡೋಸ್ ಎಷ್ಟಾಯ್ತು ಅಂತ ಕೇಳಿದರು. ಮೊದಲಿನಷ್ಟೇ ಅಂದೆ.

"ಮತ್ತೆ ಏನು ಬರ್ಕೊಟ್ರು?"

"ಒಂದು ಗಂಟೆ."

ಅವರಿಗೆ ಅರ್ಥವಾಯಿತು. ನಾಳೆ ಕಾಫಿ ನಿನಗಾಗಿ ತಡವಾಗಿ ಮಾಡುತ್ತೇನೆ ಅಂದಿದ್ದರು, ಅಭ್ಯಾಸಬಲ, ಆಗಲೇ ಫಿಲ್ಟರ್ ಇಟ್ಟುಬಿಟ್ಟಿದ್ದಾರೆ.

ಆರು ವಾರಕ್ಕೆ ಸಂಖ್ಯೆ ಇಳಿಯುತ್ತದೆ. ಅದರಲ್ಲಿ ನನಗೆ ಅನುಮಾನವಿಲ್ಲ, ಇಷ್ಟು ವರ್ಷ ಈ ಮಾತ್ರೆಯ ಜೊತೆ ಬಾಳಿದ್ದೇನೆ. ಸಂಖ್ಯೆಯ ಜೊತೆ ಮೈಯ ಭಾರ ಎಷ್ಟು ಇಳಿಯುತ್ತದೋ ಅಷ್ಟು ಥೈರಾಯ್ಡಿನದು. ಆಮೇಲೂ ಉಳಿಯುವುದು ಆಪಾ ಅವರದು. ಎರಡನ್ನೂ ಕಲಸಿಕೊಂಡು ಕೂತಿದ್ದೆ, ಈಗ ಬೇರೆ ಬೇರೆ ಇಟ್ಟು ನೋಡಬೇಕು. ಅವರದನ್ನು ಇಳಿಸಿಕೊಳ್ಳುವ ಅವಸರ ನನಗಿಲ್ಲ.

ಕಾಫಿ ಆರ್ತಾ ಇದೆ ಕಣೇ ಅಂತ ಒಳಗಿನಿಂದ ಕರೆಯುತ್ತಿದ್ದಾರೆ. ಮುಚ್ಚಿಡಿ ಅಂದೆ. ಎದುರು ಮನೆಯ ಬಾಗಿಲು ತೆರೆದಿದೆ, ಆಪಾ ಯಜಮಾನರು ಅಂಗಡಿಗೆ ಹೊರಡುತ್ತಿದ್ದಾರೆ. ನನ್ನನ್ನು ಮೆಟ್ಟಿಲ ಮೇಲೆ ಕಂಡು ಒಂದು ಕ್ಷಣ ನಿಂತರು, ತಲೆ ಆಡಿಸಿ ಹೋದರು. ಗಡಿಯಾರ ನೋಡಿದೆ. ಇನ್ನೂ ಅರ್ಧ ಗಂಟೆ ಇದೆ. ಪೆನ್ನು ಇಲ್ಲೇ ಇಟ್ಟು ಚಪ್ಪಲಿ ಮೆಟ್ಟುತ್ತಿದ್ದೇನೆ. ಸ್ಟೇಷನ್ ತನಕ ಹೋಗಿ ಬರಲು ಅಷ್ಟು ಸಾಕು.